ಗೃಹಗಣಕಗಳ ಕಾರ್ಯಾಚರಣ ವ್ಯವಸ್ಥೆ: ಅದರ ಭವಿಷ್ಯವೇನಾಯಿತು?

(ಅಂತಿಮ ಬಿ. ಎ., ಇತಿಹಾಸ–ಅರ್ಥಶಾಸ್ತ್ರ)

ಕಳೆದ ವರ್ಷದ ಕೊನೆಯಲ್ಲಿ ನಮ್ಮ ಕಾಲೇಜಿನ ಗಣಕಶಾಲೆಯಿಂದ ಹನ್ನೊಂದು ಯಂತ್ರಗಳನ್ನು ಎತ್ತಿ ಉಗ್ರಾಣದ ಕೋಣೆಗೆ ಸಾಗಿಸಿದರು. ಹೊತ್ತುಕೊಂಡು ಹೋದವರಲ್ಲಿ ನಾನೂ ಒಬ್ಬ. ಆ ಯಂತ್ರಗಳು ಕೆಟ್ಟಿರಲಿಲ್ಲ. ಗುಂಡಿಯೊತ್ತಿದರೆ ದೀಪ ಹತ್ತುತ್ತಿತ್ತು, ಕೀಲಿಯೊತ್ತಿದರೆ ಅಕ್ಷರ ಮೂಡುತ್ತಿತ್ತು. ಆದರೆ ಅವುಗಳೊಳಗಿನ ಕಾರ್ಯಾಚರಣ ವ್ಯವಸ್ಥೆಗೆ ಇನ್ನು ಮುಂದೆ ಬೆಂಬಲವಿಲ್ಲವೆಂದೂ, ಹೊಸ ವ್ಯವಸ್ಥೆಯನ್ನು ಹಾಕಿಕೊಳ್ಳುವ ಯೋಗ್ಯತೆ ಈ ಯಂತ್ರಗಳಿಗಿಲ್ಲವೆಂದೂ ಪರದೆಯ ಮೇಲೆ ಒಂದು ಸೂಚನೆ ಬರತೊಡಗಿತ್ತು. ಅಷ್ಟಕ್ಕೇ ಅವು 'ನಿರುಪಯುಕ್ತ ವಸ್ತುಗಳ ಪಟ್ಟಿ'ಯನ್ನು ಸೇರಿದುವು.

ಗಣಕಶಾಸ್ತ್ರ ನನ್ನ ವಿಷಯವಲ್ಲ. ಆದರೆ ಇತಿಹಾಸವನ್ನು ಓದುವವನಿಗೆ ಒಂದು ದುರಭ್ಯಾಸವಿರುತ್ತದೆ; ಯಾವುದನ್ನು ಕಂಡರೂ, ಇದು ಹಿಂದೆಯೂ ನಡೆದಿತ್ತೆ ಎಂದು ಕೇಳುತ್ತಾನೆ. ದುಡಿಯುತ್ತಿರುವ ಯಂತ್ರದಲ್ಲಿ ವ್ಯವಸ್ಥೆ ಮಾತ್ರ ಸಾಯುವುದು ಹೇಗೆ? ಅದರ ಆಯುಷ್ಯವನ್ನು ಯಾರು ಗೊತ್ತುಮಾಡುತ್ತಾರೆ? ಈ ಪ್ರಶ್ನೆಯನ್ನು ಬೆನ್ನಟ್ಟಿ ಹೋದಾಗ ನಾನು ತಲಪಿದ್ದು ಸುಮಾರು ನಾಲ್ವತ್ತೈದು ವರ್ಷಗಳ ಹಿಂದಿನ ಗೃಹಗಣಕಗಳ ಬಳಿಗೆ. ಅಮೆರಿಕ, ಇಂಗ್ಲೆಂಡುಗಳ ಮನೆಗಳಲ್ಲಿ ದೂರದರ್ಶನ ಪೆಟ್ಟಿಗೆಗೆ ತಗುಲಿಸಿಕೊಂಡು ಮಕ್ಕಳು ಆಡುತ್ತಿದ್ದ ಆ ಪುಟ್ಟ ಯಂತ್ರಗಳ ಪಾಲಿಗೆ ಈ ಪ್ರಶ್ನೆ ಆಗಲೇ ಒಮ್ಮೆ ಬಂದು, ಒಮ್ಮೆ ಇತ್ಯರ್ಥವಾಗಿಯೂ ಹೋಗಿತ್ತು.

ಮೊದಲು, ಕಾರ್ಯಾಚರಣ ವ್ಯವಸ್ಥೆ ಎಂದರೇನು? ಇಂಗ್ಲಿಷಿನಲ್ಲಿ ಆಪರೇಟಿಂಗ್ ಸಿಸ್ಟಮ್ ಎನ್ನುವ ಇದನ್ನು ವಿವರಿಸಲು ನಮ್ಮ ತಂದೆಯವರ ಕಸುಬಿನಿಂದಲೇ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳುತ್ತೇನೆ. ಅವರು ಹಿಟ್ಟಿನ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆ ಗಿರಣಿಯಲ್ಲಿ ಮೊದಲು ಎಣ್ಣೆ ಎಂಜಿನ್ ಇತ್ತಂತೆ. ಅನಂತರ ವಿದ್ಯುತ್ ಮೋಟಾರು ಬಂದಿತು. ಎಂಜಿನ್ನು ಹೋಯಿತು, ಕಲ್ಲು ಉಳಿಯಿತು. ಏಕೆಂದರೆ ಎಂಜಿನ್ನಿಗೂ ಕಲ್ಲಿಗೂ ನಡುವೆ ಒಂದು ರಾಟೆ, ಒಂದು ಪಟ್ಟಿ ಇದ್ದುವು. ರಾಟೆಯ ಅಳತೆಯನ್ನು ಬದಲಾಯಿಸಿದ್ದಷ್ಟೆ. ತನ್ನನ್ನು ತಿರುಗಿಸುತ್ತಿರುವುದು ಎಣ್ಣೆಯೋ ವಿದ್ಯುತ್ತೋ ಎಂಬುದು ಕಲ್ಲಿಗೆ ಗೊತ್ತೇ ಆಗಲಿಲ್ಲ. ಗಣಕದಲ್ಲಿಯೂ ಹಾಗೆಯೇ. ಒಂದು ಕಡೆ ಯಂತ್ರಾಂಶ. ಇನ್ನೊಂದು ಕಡೆ ನಾವು ಪತ್ರ ಬರೆಯಲು, ಲೆಕ್ಕ ಮಾಡಲು ಬಳಸುವ ಕ್ರಮವಿಧಿಗಳು. ಇವೆರಡರ ನಡುವೆ ನಿಂತು, ಕೀಲಿಮಣೆಯಿಂದ ಅಕ್ಷರವನ್ನು ತಂದುಕೊಟ್ಟು, ಪರದೆಗೆ ಕಳುಹಿಸಿ, ಕಡತವನ್ನು ಎಲ್ಲಿ ಇಟ್ಟಿದೆಯೆಂದು ನೆನಪಿಟ್ಟುಕೊಳ್ಳುವುದೇ ವ್ಯವಸ್ಥೆ. ರಾಟೆ ಮತ್ತು ಪಟ್ಟಿ ಎನ್ನಿ.

ಈ ದೃಷ್ಟಾಂತವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಏಕೆಂದರೆ ಮೊದಲ ಗೃಹಗಣಕಗಳಲ್ಲಿ ಪಟ್ಟಿ ಇರಲೇ ಇಲ್ಲವೆನ್ನಬಹುದು. ಕಲ್ಲನ್ನು ನೇರವಾಗಿ ಎಂಜಿನ್ನಿನ ಕಂಬಿಗೇ ಸಿಕ್ಕಿಸಿದ್ದರು.

೧೯೭೭ರಲ್ಲಿ ಅಮೆರಿಕದಲ್ಲಿ ಆಪಲ್ ೨, ಕಮೊಡೋರ್ ಪೆಟ್, ಟಿ.ಆರ್.ಎಸ್.–೮೦ ಎಂಬ ಮೂರು ಸಿದ್ಧಯಂತ್ರಗಳು ಮಾರಾಟಕ್ಕೆ ಬಂದುವು. ಅದಕ್ಕೆ ಮುಂಚೆ ಬಿಡಿಭಾಗಗಳನ್ನು ತಂದು ಬೆಸುಗೆ ಹಾಕಿಕೊಳ್ಳಬಲ್ಲ ಉತ್ಸಾಹಿಗಳಿಗೆ ಮಾತ್ರ ಸ್ವಂತ ಗಣಕ ದಕ್ಕುತ್ತಿತ್ತು. ಇವಾದರೋ ಪೆಟ್ಟಿಗೆ ಬಿಚ್ಚಿ ವಿದ್ಯುತ್ ಕೊಟ್ಟರೆ ಸಾಕು, ಮಾತಿಗೆ ಸಿದ್ಧ. ಹಾಗೆ ಸಿದ್ಧವಾಗಿರಲು ಕಾರಣ, ರಾಮ್ ಎಂದು ಕರೆಯುವ ಸ್ಥಿರಸ್ಮೃತಿ. ಕಾರ್ಖಾನೆಯಲ್ಲಿಯೇ ಬರೆದು ಮುಚ್ಚಿದ, ಅಳಿಸಲು ಬಾರದ ಈ ಚಿಪ್ಪುಗಳಲ್ಲಿ ಬೇಸಿಕ್ ಎಂಬ ಸರಳ ಭಾಷೆಯ ಅನುವಾದಕವೂ, ಕೀಲಿಮಣೆ–ಪರದೆ–ಕ್ಯಾಸೆಟ್ಟುಗಳನ್ನು ನಡೆಸುವ ಸಣ್ಣ ಕಟ್ಟಳೆಗಳೂ ಒಟ್ಟಿಗೇ ಅಡಗಿದ್ದುವು. ಬಳಸುವವನ ಕಣ್ಣಿಗೆ ಭಾಷೆ ಬೇರೆ, ವ್ಯವಸ್ಥೆ ಬೇರೆ ಎಂಬ ಭೇದವೇ ಇರಲಿಲ್ಲ.

ಎಷ್ಟು ಸಣ್ಣದೆಂಬುದನ್ನು ಸ್ವಲ್ಪ ನೋಡೋಣ. ೧೯೮೨ರಲ್ಲಿ ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ ಅವರ ಸಂಸ್ಥೆ ತಂದ ಝಡ್.ಎಕ್ಸ್. ಸ್ಪೆಕ್ಟ್ರಮ್ ಯಂತ್ರದಲ್ಲಿ ಭಾಷೆ, ವ್ಯವಸ್ಥೆ, ಅಕ್ಷರಗಳ ಆಕಾರ ಎಲ್ಲವೂ ಸೇರಿ ೧೬ ಕಿಲೋಬೈಟು. ಅದೇ ವರ್ಷ ಬಂದ ಕಮೊಡೋರ್ ೬೪ರಲ್ಲಿ ೨೦ ಕಿಲೋಬೈಟು: ಬೇಸಿಕ್ಕಿಗೆ ೮, 'ಕರ್ನಲ್' ಎಂದು ಅವರು ಕರೆದ ವ್ಯವಸ್ಥೆಗೆ ೮, ಅಕ್ಷರಗಳ ಚಿತ್ರಕ್ಕೆ ೪. ಇಂದು ನಮ್ಮ ಕೈಯಲ್ಲಿರುವ ಫೋನಿನಿಂದ ತೆಗೆದ ಒಂದು ಭಾವಚಿತ್ರಕ್ಕೆ ಅದರ ನೂರು ಪಟ್ಟಿಗೂ ಹೆಚ್ಚು ಸ್ಥಳ ಬೇಕು. ಅಷ್ಟರಲ್ಲಿಯೇ ಆ ಯಂತ್ರ ತನ್ನೆಲ್ಲ ಸಂಸಾರವನ್ನೂ ನಡೆಸುತ್ತಿತ್ತು!

ಮಿತವ್ಯಯಕ್ಕೆ ಒಂದು ಬೆಲೆಯಿತ್ತು. ಕಮೊಡೋರ್ ೬೪ರ ಚಿತ್ರಶಕ್ತಿ, ನಾದಶಕ್ತಿಗಳು ಆ ಕಾಲಕ್ಕೆ ಬೆರಗುಗೊಳಿಸುವಂಥವು. ಆದರೆ ಚಿತ್ರ ಬರೆಯಲಾಗಲಿ ಸ್ವರ ನುಡಿಸಲಾಗಲಿ ಅದರ ಬೇಸಿಕ್ಕಿನಲ್ಲಿ ಒಂದು ಆಜ್ಞೆಯೂ ಇರಲಿಲ್ಲ. ಹುಡುಗನೊಬ್ಬನು ಪರದೆಯ ಅಂಚನ್ನು ಕಪ್ಪು ಮಾಡಬೇಕಾದರೆ 'ಪೋಕ್ ೫೩೨೮೦,೦' ಎಂದು ಬರೆಯಬೇಕಾಗಿತ್ತು. ಎಂದರೆ, ೫೩೨೮೦ನೆಯ ಮನೆಯ ಬಾಗಿಲು ತಟ್ಟಿ ಅಲ್ಲಿ ಸೊನ್ನೆಯನ್ನು ಇಡು ಎಂದರ್ಥ. ಆ ಮನೆಯಲ್ಲಿ ಚಿತ್ರದ ಚಿಪ್ಪು ಕುಳಿತಿದೆಯೆಂಬುದನ್ನು ವ್ಯವಸ್ಥೆ ಹೇಳುವುದಿಲ್ಲ. ಹುಡುಗನೇ ಬಾಯಿಪಾಠ ಮಾಡಿಕೊಂಡಿರಬೇಕು. ಹೀಗೆ ವ್ಯವಸ್ಥೆ ಕೊಡಲಾರದ್ದನ್ನು ಅದರ ಹಿಂಬಾಗಿಲಿನಿಂದ ಹೋಗಿ ತೆಗೆದುಕೊಳ್ಳುವುದು ಎಲ್ಲ ಕ್ರಮವಿಧಿಕಾರರ ಅಭ್ಯಾಸವಾಯಿತು. ಅದರಿಂದ ಆಟಗಳು ವೇಗವಾಗಿ ಓಡಿದುವು, ಸುಂದರವಾಗಿಯೂ ಇದ್ದುವು. ಈ ಯಂತ್ರ ಒಂದು ಕೋಟಿಗೂ ಮಿಗಿಲಾಗಿ ಮಾರಾಟವಾಯಿತು. ಆದರೆ ಹಾಗೆ ಬರೆದ ಪ್ರತಿಯೊಂದು ಸಾಲೂ ೫೩೨೮೦ನೆಯ ಮನೆ ಎಂದೆಂದಿಗೂ ಅಲ್ಲಿಯೇ ಇರುತ್ತದೆಂಬ ನಂಬಿಕೆಯ ಮೇಲೆ ನಿಂತಿತ್ತು.

ಇದಕ್ಕೆ ಪ್ರತಿಯಾದ ಇನ್ನೊಂದು ದಾರಿಯನ್ನು ತೋರಿದವರು ಒಬ್ಬ ಉಪಾಧ್ಯಾಯರು. ಗ್ಯಾರಿ ಕಿಲ್ಡಾಲ್ ಎಂಬ ಇವರು ಕ್ಯಾಲಿಫೋರ್ನಿಯದ ಮಾಂಟರೆಯಲ್ಲಿದ್ದ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ೧೯೭೪ರಲ್ಲಿ ಇಂಟೆಲ್ ೮೦೮೦ ಎಂಬ ಸಂಸ್ಕಾರಕಕ್ಕೂ ಆಗತಾನೆ ಅಗ್ಗವಾಗುತ್ತಿದ್ದ ಫ್ಲಾಪಿ ತಟ್ಟೆಗೂ ಹೊಂದಿಸಿ ಸಿ.ಪಿ./ಎಂ. ಎಂಬ ವ್ಯವಸ್ಥೆಯನ್ನು ಬರೆದರು. ಪತ್ನಿಯೊಡನೆ ಸೇರಿ ಡಿಜಿಟಲ್ ರಿಸರ್ಚ್ ಎಂಬ ಸಂಸ್ಥೆಯನ್ನು ಕಟ್ಟಿ ಅದನ್ನು ಮಾರತೊಡಗಿದರು. ಕೆಲವೇ ವರ್ಷಗಳಲ್ಲಿ ಒಂದು ತೊಂದರೆ ತಲೆದೋರಿತು: ಬೇರೆ ಬೇರೆ ತಯಾರಕರ ಯಂತ್ರಗಳಲ್ಲಿ ತಟ್ಟೆಯ ನಿಯಂತ್ರಕ ಬೇರೆ, ಪರದೆ ಬೇರೆ, ಪ್ರತಿಯೊಂದಕ್ಕೂ ವ್ಯವಸ್ಥೆಯನ್ನು ಅಡಿಯಿಂದ ಮುಡಿಯವರೆಗೆ ತಿದ್ದಬೇಕಾಗಿತ್ತು. ಕಿಲ್ಡಾಲರು ಆಗ ಯಂತ್ರವನ್ನು ಮುಟ್ಟತಕ್ಕ ಭಾಗಗಳನ್ನೆಲ್ಲ ಆರಿಸಿ ತೆಗೆದು ಒಂದು ಸಣ್ಣ ತುಂಡಿನಲ್ಲಿ ಸೇರಿಸಿ, ಅದಕ್ಕೆ ಬಯಾಸ್ ಎಂದು ಹೆಸರಿಟ್ಟರು. ಉಳಿದ ಭಾಗ ಎಲ್ಲ ಯಂತ್ರಗಳಿಗೂ ಒಂದೇ. ಹೊಸ ಯಂತ್ರ ಮಾಡುವವನು ಆ ತುಂಡನ್ನು ಮಾತ್ರ ಬರೆದುಕೊಂಡರೆ ಸಾಕು, ಅದುವರೆಗೆ ಸಿ.ಪಿ./ಎಂ.ಗಾಗಿ ಬರೆದ ಕ್ರಮವಿಧಿಗಳು ಅವನಲ್ಲಿಯೂ ಓಡುತ್ತವೆ. ನಮ್ಮ ಗಿರಣಿಯ ರಾಟೆ ಇದೇ ಅಲ್ಲವೆ?

ಈ ಆಲೋಚನೆಯಿಂದ ಗಣಕಪ್ರಪಂಚದಲ್ಲಿ ಒಂದು ಹೊಸ ಬಗೆಯ ಸ್ವತ್ತು ಹುಟ್ಟಿತು: ಯಂತ್ರಕ್ಕೆ ಸೇರದ ಕ್ರಮವಿಧಿ. ವರ್ಡ್‌ಸ್ಟಾರ್ ಎಂಬ ಬರೆವಣಿಗೆಯ ಸಾಧನ, ಡಿಬೇಸ್ ೨ ಎಂಬ ದಾಖಲೆಯ ಸಾಧನ, ಇವು ಸಿ.ಪಿ./ಎಂ. ಇರುವ ಯಾವ ಯಂತ್ರದಲ್ಲಾದರೂ ನಡೆಯುತ್ತಿದ್ದುವು. ಆ ದಿನಗಳಲ್ಲಿ, ಇನ್ನು ಮುಂದೆ ಗೃಹಗಣಕಕ್ಕೂ ಸಿ.ಪಿ./ಎಂ. ಬರುವುದೇ ಸರಿಯೆಂದು ನಂಬಲು ಕಾರಣಗಳಿದ್ದುವು. ೧೯೮೦ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಆಪಲ್ ೨ಕ್ಕೆ ಸಿಕ್ಕಿಸುವ ಸಾಫ್ಟ್‌ಕಾರ್ಡ್ ಎಂಬ ಹಲಗೆಯನ್ನು ತಂದಿತು. ಅದರಲ್ಲಿದ್ದುದು ಝಡ್–೮೦ ಎಂಬ ಇನ್ನೊಂದು ಸಂಸ್ಕಾರಕ; ಅದು ಆಪಲ್ಲನ್ನೇ ಸಿ.ಪಿ./ಎಂ. ಯಂತ್ರವನ್ನಾಗಿ ಮಾಡುತ್ತಿತ್ತು. ಪಟ್ಟಿಯೊಂದಕ್ಕಾಗಿ ಎಂಜಿನ್ನನ್ನೇ ಇನ್ನೊಂದು ತಂದಿಡುವಷ್ಟು ಆಸೆ!

ಆದರೂ ಮನೆಗಳಿಗೆ ಅದು ಬೇಗ ಇಳಿಯಲಿಲ್ಲ. ಸಿ.ಪಿ./ಎಂ.ಗೆ ಫ್ಲಾಪಿ ತಟ್ಟೆ ಬೇಕು. ಮನೆಯ ಹುಡುಗನಲ್ಲಿದ್ದುದು ಹಾಡು ಕೇಳುವ ಕ್ಯಾಸೆಟ್ ಪೆಟ್ಟಿಗೆ. ಬಡವನ ಯಂತ್ರಕ್ಕೆ ಸ್ಥಿರಸ್ಮೃತಿಯೇ ಗತಿಯಾಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಒಳ್ಳೆಯ ಆಲೋಚನೆಯ ಹಾದಿಯಲ್ಲಿ ನಿಂತದ್ದು ಒಂದು ಉಪಕರಣದ ಬೆಲೆ.

೧೯೮೧ರ ಆಗಸ್ಟ್ ೧೨ರಂದು ಐ.ಬಿ.ಎಂ. ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರನ್ನು ಪ್ರಕಟಿಸಿತು. ಸ್ವಾರಸ್ಯವೇನೆಂದರೆ, ಅದೂ ಒಂದು ಬಗೆಯಲ್ಲಿ ಗೃಹಗಣಕವೇ. ಅದರ ಸ್ಥಿರಸ್ಮೃತಿಯಲ್ಲಿ ಕ್ಯಾಸೆಟ್ ಬೇಸಿಕ್ ಇತ್ತು, ಅತ್ಯಂತ ಅಗ್ಗದ ಮಾದರಿಯಲ್ಲಿ ಇದ್ದುದು ೧೬ ಕಿಲೋಬೈಟು ಕೆಲಸದ ಸ್ಮೃತಿ. ತಟ್ಟೆ ಕೊಂಡವರಿಗೆ ಮಾತ್ರ ಬೇರೆ ವ್ಯವಸ್ಥೆ ಬೇಕಾಗಿತ್ತು. ಐ.ಬಿ.ಎಂ.ನವರು ಬಂದ ದಿನ ಕಿಲ್ಡಾಲರು ವಿಮಾನ ಹಾರಿಸಲು ಹೋಗಿದ್ದರೆಂದೂ, ಅದರಿಂದ ಭಾಗ್ಯ ಕೈತಪ್ಪಿತೆಂದೂ ಒಂದು ಕಥೆ ಪ್ರಸಿದ್ಧವಾಗಿದೆ. ಹೇಳುವವರು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ನನಗೆ ಕಥೆಗಿಂತ ಬೆಲೆಪಟ್ಟಿಯಲ್ಲಿ ಹೆಚ್ಚು ವಿಶ್ವಾಸ. ಕಿಲ್ಡಾಲರ ಸಿ.ಪಿ./ಎಂ.–೮೬ಕ್ಕೆ ೨೪೦ ಡಾಲರು. ಮೈಕ್ರೋಸಾಫ್ಟಿನಿಂದ ಬಂದ ಡಾಸ್ ವ್ಯವಸ್ಥೆಗೆ ೪೦ ಡಾಲರು. ಡಾಸ್ ಎಂಬುದು ಸಿಯಾಟಲಿನ ಒಂದು ಸಣ್ಣ ಸಂಸ್ಥೆಯಲ್ಲಿ ಟಿಮ್ ಪ್ಯಾಟರ್ಸನ್ ಎಂಬುವರು ೧೯೮೦ರಲ್ಲಿ ಬರೆದುದು, ಸಿ.ಪಿ./ಎಂ.ನ ಕ್ರಮವಿಧಿಗಳನ್ನು ಸುಲಭವಾಗಿ ಇದಕ್ಕೆ ಬದಲಾಯಿಸಿಕೊಳ್ಳಲು ಆಗುವಂತೆ ಕರೆಗಳ ಕ್ರಮವನ್ನು ಅದರಂತೆಯೇ ಇರಿಸಿದ್ದರು. ನಮ್ಮ ಗಣಕಶಾಲೆಯಲ್ಲಿ ಮೊದಲ ದಿನವೇ ನಮ್ಮನ್ನು ಕಾಡುವ ಪ್ರಶ್ನೆಯೊಂದುಂಟು: ತಟ್ಟೆಯ ಹೆಸರು 'ಸಿ' ಏಕೆ, 'ಎ' ಏಕಲ್ಲ? 'ಎ', 'ಬಿ' ಎಂಬ ಹೆಸರುಗಳು ಎರಡು ಫ್ಲಾಪಿಗಳಿಗೆ ಮೀಸಲಾಗಿದ್ದುವು. ತಟ್ಟೆಗಳನ್ನು ಅಕ್ಷರದಿಂದ ಕರೆಯುವ ಆ ಸಂಪ್ರದಾಯ ಡಾಸಿಗೆ ಬಂದುದು ಸಿ.ಪಿ./ಎಂ.ನಿಂದ. ಫ್ಲಾಪಿಗಳು ಹೋದುವು, ಅವುಗಳ ಖಾಲಿ ಕುರ್ಚಿಗಳು ಇನ್ನೂ ಉಳಿದಿವೆ.

ಇಲ್ಲಿ ನಾನು ಮೊದಲು ಮಾಡಿಕೊಂಡಿದ್ದ ಒಂದು ತಪ್ಪು ತೀರ್ಮಾನವನ್ನು ಒಪ್ಪಿಕೊಳ್ಳಬೇಕು. ರಾಟೆ ಇದ್ದ ಗಿರಣಿ ಗೆದ್ದಿತು, ಇಲ್ಲದ್ದು ಸೋತಿತು ಎಂದು ನಾನು ಟಿಪ್ಪಣಿ ಬರೆದುಕೊಂಡಿದ್ದೆ. ವಿಷಯ ಅಷ್ಟು ಸರಳವಲ್ಲ. ಐ.ಬಿ.ಎಂ. ಯಂತ್ರದಲ್ಲಿಯೂ ಕ್ರಮವಿಧಿಕಾರರು ಹಿಂಬಾಗಿಲನ್ನೇ ಹಿಡಿದರು. ೧೯೮೩ರ ಲೋಟಸ್ ೧–೨–೩ ಎಂಬ ಪ್ರಸಿದ್ಧ ಲೆಕ್ಕದ ಹಾಳೆ ವ್ಯವಸ್ಥೆಯನ್ನು ಕೇಳದೆ ಪರದೆಯ ಸ್ಮೃತಿಗೆ ನೇರವಾಗಿ ಬರೆಯುತ್ತಿತ್ತು. ಡಾಸ್ ಇದ್ದರೂ ಐ.ಬಿ.ಎಂ. ಯಂತ್ರದ ಪಡಿಯಚ್ಚಲ್ಲದ ಗಣಕಗಳು ಈ ಕಾರಣದಿಂದಲೇ ಹಿಂದೆ ಬಿದ್ದುವು. ಹಾಗಾದರೆ ವ್ಯತ್ಯಾಸವೆಲ್ಲಿ? ಐ.ಬಿ.ಎಂ. ಯಂತ್ರವನ್ನು ಎಲ್ಲರಿಗೂ ದೊರೆಯುವ ಭಾಗಗಳಿಂದ ಕಟ್ಟಿದ್ದರು. ಡಾಸನ್ನು ಇತರರಿಗೂ ಮಾರುವ ಹಕ್ಕನ್ನು ಮೈಕ್ರೋಸಾಫ್ಟ್ ತನ್ನಲ್ಲಿಯೇ ಉಳಿಸಿಕೊಂಡಿತ್ತು. ಉಳಿದಿದ್ದ ಸ್ಥಿರಸ್ಮೃತಿಯ ಬಯಾಸನ್ನು ಕಾಂಪ್ಯಾಕ್ ಮೊದಲಾದ ಸಂಸ್ಥೆಗಳು ಮೂಲವನ್ನು ನಕಲು ಮಾಡದೆ, ಅದರ ವರ್ತನೆಯನ್ನು ನೋಡಿ ಹೊಸದಾಗಿ ಬರೆದುಕೊಂಡುವು. ಕಲ್ಲನ್ನು ಕಂಬಿಗೇ ಸಿಕ್ಕಿಸಿದ್ದರೂ ಅಂಥ ಕಂಬಿಯನ್ನು ನೂರು ಕಮ್ಮಾರರು ಮಾಡಬಲ್ಲವರಾಗಿದ್ದರು. ಕಮೊಡೋರಿನ ಕಂಬಿಯನ್ನು ಮಾಡಬಲ್ಲ ಕಮ್ಮಾರ ಒಬ್ಬನೇ. ೧೯೯೪ರಲ್ಲಿ ಆ ಸಂಸ್ಥೆ ದಿವಾಳಿಯಾದಾಗ ಕಂಬಿ ಮಾಡುವವರಿಲ್ಲವಾದರು.

ಈ ಗೊಂದಲವನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ನೋಡಬೇಕೆಂದಿದ್ದರೆ ೧೯೮೫ರ ಕಮೊಡೋರ್ ೧೨೮ನ್ನು ನೋಡಬೇಕು. ನಾನು ಓದಿದ ಯಂತ್ರಗಳಲ್ಲೆಲ್ಲ ನನಗೆ ಬಹಳ ಪ್ರಿಯವಾದುದು ಇದೇ. ಅದರಲ್ಲಿ ಮೂರು ಗಣಕಗಳಿದ್ದುವು. ಒಂದು, ೧೨೮ ಕಿಲೋಬೈಟಿನ ಹೊಸ ಯಂತ್ರ. ಉತ್ತಮವಾದ ಬೇಸಿಕ್, ಚಿತ್ರಕ್ಕೂ ಸ್ವರಕ್ಕೂ ಆಜ್ಞೆಗಳು. ಎರಡನೆಯದು, ಹಳೆಯ ಕಮೊಡೋರ್ ೬೪, ತನ್ನ ಸ್ಥಿರಸ್ಮೃತಿಯ ಸಮೇತ. ೫೩೨೮೦ನೆಯ ಮನೆಯನ್ನು ನಂಬಿದ್ದ ಸಾವಿರಾರು ಆಟಗಳು ಓಡಬೇಕಾದರೆ ಹಳೆಯ ಯಂತ್ರವನ್ನು ಇಡಿಯಾಗಿ ಹೊಟ್ಟೆಯಲ್ಲಿಟ್ಟುಕೊಳ್ಳದೆ ಬೇರೆ ದಾರಿಯಿರಲಿಲ್ಲ. ಮೂರನೆಯದು, ಝಡ್–೮೦ ಸಂಸ್ಕಾರಕದೊಡನೆ ಸಿ.ಪಿ./ಎಂ. ವಿದ್ಯುತ್ ಕೊಟ್ಟೊಡನೆ ಮೊದಲು ಎಚ್ಚರಗೊಳ್ಳುತ್ತಿದ್ದುದು ಆ ಝಡ್–೮೦ ಎಂಬುದು ಒಂದು ವಿನೋದ. 'ಗೋ ೬೪' ಎಂದು ಬರೆದರೆ ಯಂತ್ರವು 'ಆರ್ ಯು ಶೂರ್?' ಎಂದು ಕೇಳಿ, ಹೌದೆಂದರೆ ಹಳೆಯ ರೂಪವನ್ನು ತಾಳುತ್ತಿತ್ತು. ಜನರು ಹೆಚ್ಚಾಗಿ ಹೌದೆಂದೇ ಹೇಳಿದರು. ಏಕೆಂದರೆ ಆಟಗಳೆಲ್ಲ ಅಲ್ಲಿದ್ದುವು. ಹೊಸ ರೂಪಕ್ಕೆ ಬರೆಯುವವರು ಕಡಮೆಯಾದರು. ಸಿ.ಪಿ./ಎಂ. ಮನೆಗೆ ಬಂದದ್ದೇನೋ ನಿಜ. ಆದರೆ ಆ ವೇಳೆಗೆ ವ್ಯಾಪಾರಪ್ರಪಂಚ ಡಾಸಿನ ಕಡೆಗೆ ತಿರುಗಿಬಿಟ್ಟಿತ್ತು. ಹಿಂದಿನದು, ಇಂದಿನದು, ಮತ್ತು ಬರುವ ಮೊದಲೇ ಕಳೆದುಹೋದ ಮುಂದಿನದು, ಮೂರೂ ಒಂದೇ ಕೀಲಿಮಣೆಯ ಕೆಳಗೆ ಮಲಗಿದ್ದುವು.

೧೯೮೩ರಲ್ಲಿ ಜಪಾನಿನಲ್ಲಿ ಎಂ.ಎಸ್.ಎಕ್ಸ್. ಎಂಬ ಒಂದು ಪ್ರಯತ್ನ ನಡೆಯಿತು. ಯಂತ್ರವನ್ನು ಯಾರು ಬೇಕಾದರೂ ಮಾಡಲಿ, ನಿಯಮ ಒಂದೇ ಇರಲಿ ಎಂಬುದು ಅದರ ಸಾರ. ಸೋನಿ, ಫಿಲಿಪ್ಸ್ ಮೊದಲಾದ ಅನೇಕ ಸಂಸ್ಥೆಗಳು ಅದಕ್ಕೆ ಸೇರಿದುವು. ತಟ್ಟೆಯಿದ್ದ ಮಾದರಿಗಳು ಸಿ.ಪಿ./ಎಂ.ನ ಕ್ರಮವಿಧಿಗಳನ್ನೂ ನಡೆಸಬಲ್ಲವಾಗಿದ್ದುವು. ಜಪಾನ್, ಹಾಲೆಂಡ್, ಸ್ಪೇನ್, ಬ್ರೆಜಿಲ್‌ಗಳಲ್ಲಿ ಹೆಸರು ಮಾಡಿತಾದರೂ ಅಮೆರಿಕದಲ್ಲಿ ನೆಲೆಯೂರಲಿಲ್ಲ. ಕುವೈತಿನ ಒಂದು ಸಂಸ್ಥೆ 'ಸಖ್ರ್' ಎಂಬ ಹೆಸರಿನಲ್ಲಿ ಅರಬ್ಬಿ ಅಕ್ಷರಗಳನ್ನು ಸ್ಥಿರಸ್ಮೃತಿಯಲ್ಲಿಯೇ ಸೇರಿಸಿ ಈ ಯಂತ್ರವನ್ನು ಮಾರಿತೆಂದು ಓದಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತೆಂದು ಹೇಳಿದರೆ ತಪ್ಪಾಗಲಾರದು.

ನಮ್ಮ ದೇಶಕ್ಕೆ ಗೃಹಗಣಕ ಕಾಲಿಟ್ಟದ್ದು ಮುಖ್ಯವಾಗಿ ಶಾಲೆಯ ಬಾಗಿಲಿನಿಂದ. ೧೯೮೪ರಲ್ಲಿ ಭಾರತ ಸರ್ಕಾರವು 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿ, ಮೊದಲಿಗೆ ೨೫೦ ಶಾಲೆಗಳಲ್ಲಿ ಗಣಕದ ಪರಿಚಯ ಮಾಡಿಸಲು ಹೊರಟಿತು. ಅದಕ್ಕೆ ಆರಿಸಿದ್ದು ಬಿ.ಬಿ.ಸಿ. ಮೈಕ್ರೋ ಎಂಬ ಇಂಗ್ಲಿಷ್ ಯಂತ್ರ. ಕೇಂಬ್ರಿಜ್ಜಿನ ಏಕಾರ್ನ್ ಸಂಸ್ಥೆ ಬಿ.ಬಿ.ಸಿ.ಯ ಶಿಕ್ಷಣ ಪ್ರಸಾರಕ್ಕಾಗಿ ೧೯೮೧ರಲ್ಲಿ ತಯಾರಿಸಿದ ಈ ಯಂತ್ರವು ಗೃಹಗಣಕಗಳ ಪೈಕಿ ಒಂದು ವಿಷಯದಲ್ಲಿ ಬೇರೆಯಾಗಿತ್ತು. ಅದರ ೩೨ ಕಿಲೋಬೈಟು ಸ್ಥಿರಸ್ಮೃತಿಯಲ್ಲಿ ೧೬ ಬೇಸಿಕ್ಕಿಗೆ, ೧೬ ವ್ಯವಸ್ಥೆಗೆ. ಎರಡನ್ನೂ ಬೇರೆಬೇರೆ ಚಿಪ್ಪಿನಲ್ಲಿಟ್ಟಿದ್ದರು. ಅಕ್ಷರ ಬರೆಯಬೇಕೆ, ಕೀಲಿ ಓದಬೇಕೆ, ಇಂಥ ಕರೆಯನ್ನು ಕೂಗಿ ಎಂದು ಅದರ ಕೈಪಿಡಿ ಹೇಳುತ್ತಿತ್ತು. ನೇರವಾಗಿ ಮನೆಗೆ ನುಗ್ಗಬೇಡಿ ಎಂದು ಎಚ್ಚರಿಸುತ್ತಿತ್ತು. ಕರೆಗಳಿಗೆ 'ಆಸ್‌ಬೈಟ್', 'ಆಸ್‌ವರ್ಡ್' ಮುಂತಾದ ಹೆಸರುಗಳು.

ಈ ಶಿಸ್ತು ಬರಿಯ ಉಪದೇಶವಾಗಿರಲಿಲ್ಲ. 'ಟ್ಯೂಬ್' ಎಂಬ ಒಂದು ಕೊಂಡಿಯ ಮೂಲಕ ಆ ಯಂತ್ರಕ್ಕೆ ಇನ್ನೊಂದು ಸಂಸ್ಕಾರಕವನ್ನು ಜೋಡಿಸಬಹುದಾಗಿತ್ತು. ಕರೆಗಳನ್ನು ಪಾಲಿಸಿದ ಕ್ರಮವಿಧಿ ಅಲ್ಲಿ ಹೆಚ್ಚು ವೇಗವಾಗಿ ಓಡುತ್ತಿತ್ತು. ಹಿಂಬಾಗಿಲು ಹಿಡಿದದ್ದು ಕಣ್ಣುಕಾಣದೆ ನಿಲ್ಲುತ್ತಿತ್ತು, ಏಕೆಂದರೆ ಅದು ತಡಕುವ ಪರದೆ ಕೊಂಡಿಯ ಆಚೆಗಿತ್ತು. ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಎಂಬ ಇಬ್ಬರು ರೂಪಿಸಿ ೧೯೮೫ರ ಏಪ್ರಿಲ್ ೨೬ರಂದು ಮೊದಲು ನಡೆಸಿ ನೋಡಿದ ಆರ್ಮ್ ಸಂಸ್ಕಾರಕವನ್ನೂ ಹೀಗೆಯೇ ಬಿ.ಬಿ.ಸಿ. ಮೈಕ್ರೋಗೆ ತಗುಲಿಸಿ ಪ್ರಯೋಗಿಸುತ್ತಿದ್ದರು. ಅದರ ವಂಶದ ಚಿಪ್ಪುಗಳೇ ಇಂದು ನಮ್ಮೆಲ್ಲರ ಜೇಬಿನ ಫೋನುಗಳಲ್ಲಿ ಇರುವುವು.

ಬಿ.ಬಿ.ಸಿ. ಯಂತ್ರದಲ್ಲಿ ಎಂಟು ಚೌಕ ಅಗಲ, ಎಂಟು ಚೌಕ ಎತ್ತರದಲ್ಲಿ ಹೊಸ ಅಕ್ಷರಗಳನ್ನು ನಾವೇ ಬರೆದುಕೊಳ್ಳಲು 'ವಿ.ಡಿ.ಯು. ೨೩' ಎಂಬ ಆಜ್ಞೆಯಿತ್ತು. ಅದನ್ನು ಓದಿದ ರಾತ್ರಿ ಚೌಕಳಿ ಹಾಳೆಯಲ್ಲಿ ನಾನು 'ಅ' ಬರೆದು ನೋಡಿದೆ, ಬಂತು. 'ಕ' ಬಂತು. 'ಕ್ಷ್ಮೀ' ಬರಲಿಲ್ಲ. ಅದೂ ಅಲ್ಲದೆ ಇದಕ್ಕಾಗಿ ಸಾಮಾನ್ಯವಾಗಿ ಬಿಟ್ಟಿದ್ದ ಸ್ಥಾನಗಳು ೩೨, ನಮ್ಮ ವರ್ಣಮಾಲೆಯ ಅಕ್ಷರಗಳೇ ೪೯. ಒತ್ತಕ್ಷರ, ಗುಣಿತಾಕ್ಷರಗಳ ಮಾತು ಆಮೇಲಿನದು. ನಮ್ಮ ಭಾಷೆ ಗಣಕದೊಳಕ್ಕೆ ಬರಬೇಕಾದರೆ ವ್ಯವಸ್ಥೆಯನ್ನು ತಿದ್ದಲೇಬೇಕಾಗಿತ್ತು; ಮುಚ್ಚಿದ ಚಿಪ್ಪಿನಲ್ಲಿ ತಿದ್ದುವುದಕ್ಕೆ ಅವಕಾಶವಿರಲಿಲ್ಲ.

ಈ ವ್ಯವಸ್ಥೆಗಳ ಭವಿಷ್ಯ ಏನಾಯಿತೆಂಬ ಪ್ರಶ್ನೆಗೆ ಈಗ ಬರುತ್ತೇನೆ. ಬಹುಪಾಲು ತಮ್ಮ ಯಂತ್ರಗಳೊಡನೆ ಮಣ್ಣಾದುವು. ಆದರೆ ಎಲ್ಲವೂ ಅಲ್ಲ. ಏಕಾರ್ನ್ ಸಂಸ್ಥೆ ೧೯೮೭ರಲ್ಲಿ ಆರ್ಮ್ ಚಿಪ್ಪಿನ ಆರ್ಕಿಮಿಡೀಸ್ ಯಂತ್ರವನ್ನು ತಂದಿತು. ಅದಕ್ಕಾಗಿ ಬೆಳೆದ ರಿಸ್ಕ್ ಓ.ಎಸ್. ವ್ಯವಸ್ಥೆಯಲ್ಲಿ ಹಳೆಯ ಆಸ್‌ಬೈಟ್, ಆಸ್‌ವರ್ಡ್ ಕರೆಗಳ ಹೆಸರುಗಳು ಹೆಚ್ಚು ಕಡಮೆ ಹಾಗೆಯೇ ಉಳಿದುವು. ಸಂಸ್ಥೆ ಒಡೆದುಹೋಯಿತು, ವ್ಯವಸ್ಥೆಯ ಮೂಲಬರೆಹವನ್ನು ೨೦೧೮ರಲ್ಲಿ ಸಾರ್ವಜನಿಕರಿಗೆ ಮುಕ್ತವಾಗಿ ಬಿಟ್ಟರು, ಇಂದು ರಾಸ್ಬೆರಿ ಪೈ ಎಂಬ ಅಂಗೈಯಗಲದ ಗಣಕದಲ್ಲಿ ಅದು ನಡೆಯುತ್ತದೆ. ೧೯೮೧ರಲ್ಲಿ ಕಲಿತ ಕರೆಯನ್ನು ಇಂದೂ ಕೂಗಿದರೆ ಓಗೊಡುವವರಿದ್ದಾರೆ.

ಸ್ವೀಡನ್ನಿನ ಆಡಮ್ ಡಂಕೆಲ್ಸ್ ಎಂಬುವರು ೨೦೦೩ರಲ್ಲಿ ಕಾಂಟಿಕಿ ಎಂಬ ಹೊಸ ವ್ಯವಸ್ಥೆಯನ್ನು ಹೊರತಂದರು. ಇದು ಕಮೊಡೋರ್ ೬೪ರಂಥ ಯಂತ್ರದಲ್ಲಿಯೂ ಅಂತರಜಾಲದ ಪುಟವನ್ನು ತೋರಿಸಬಲ್ಲದಾಗಿತ್ತು. ಹಳೆಯ ಯಂತ್ರದ ಹುಚ್ಚು ಎಂದು ನಗುವುದಕ್ಕಿಲ್ಲ. ಉಷ್ಣಾಂಶ ಅಳೆಯುವ, ದೀಪ ನಿಯಂತ್ರಿಸುವ ಪುಟ್ಟ ಉಪಕರಣಗಳಲ್ಲಿರುವ ಸ್ಮೃತಿ ಅಂದಿನ ಗೃಹಗಣಕದಷ್ಟೇ. ಕಾಂಟಿಕಿ ಅಲ್ಲಿಗೆ ಹೋಗಿ ನೆಲಸಿತು.

ಡಾಸಿನ ಕಥೆ ಇನ್ನೂ ಹತ್ತಿರದ್ದು. ೧೯೯೪ರಲ್ಲಿ ಡಾಸ್ ಬೇರೆಯಾಗಿ ಉಳಿಯುವುದಿಲ್ಲವೆಂಬ ಸುದ್ದಿ ಕೇಳಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ರಿವರ್ ಫಾಲ್ಸ್‌ನಲ್ಲಿ ಭೌತಶಾಸ್ತ್ರ ಓದುತ್ತಿದ್ದ ಜಿಮ್ ಹಾಲ್ ಎಂಬ ವಿದ್ಯಾರ್ಥಿ, ನಮ್ಮಂತೆಯೇ ಪದವಿ ತರಗತಿಯವನು, ನಾವೇ ಒಂದನ್ನು ಬರೆದುಕೊಳ್ಳೋಣ ಎಂದು ಕರೆಕೊಟ್ಟನು. ಹಲವರು ಕೈಗೂಡಿಸಿದರು. ಫ್ರೀಡಾಸ್ ಎಂಬ ಆ ವ್ಯವಸ್ಥೆ ಇಂದಿಗೂ ಬೆಳೆಯುತ್ತಿದೆ. ನಮ್ಮ ಪಟ್ಟಣದ ಅಂಗಡಿಯ ಬೆಲೆಪಟ್ಟಿಯಲ್ಲಿ ಅಗ್ಗದ ಲ್ಯಾಪ್‌ಟಾಪಿನ ಎದುರಿಗೆ 'ಡಾಸ್' ಎಂದು ಬರೆದಿರುವುದನ್ನು ಗೆಳೆಯರು ಕಂಡಿರಬಹುದು. ಹೆಚ್ಚಿನ ಹಣ ಕೊಟ್ಟು ಬೇರೆ ವ್ಯವಸ್ಥೆ ಕೊಳ್ಳಲಾರದವರಿಗೆ ಅದನ್ನು ಹಾಕಿ ಕೊಡುವುದುಂಟು.

ಸಿ.ಪಿ./ಎಂ.ನ ಮೂಲವನ್ನು ಹಂಚಲು ೨೦೦೧ರಲ್ಲಿ ಅಪ್ಪಣೆ ದೊರೆಯಿತು. ಅದರಲ್ಲಿದ್ದ ಸಂದೇಹವನ್ನು ೨೦೨೨ರಲ್ಲಿ ನಿವಾರಿಸಿದರು. ಕಿಲ್ಡಾಲರು ೧೯೯೪ರ ವೇಳೆಗೇ ತೀರಿಕೊಂಡಿದ್ದರು. ಡಾಸಿನ ಹಳೆಯ ಆವೃತ್ತಿಗಳ ಮೂಲ ೨೦೧೪ರಲ್ಲಿ ಹೊರಬಂದಿತು. ಅನೇಕ ಗೃಹಗಣಕಗಳ ಬೇಸಿಕ್ಕಿಗೆ ಆಧಾರವಾಗಿದ್ದ ಮೈಕ್ರೋಸಾಫ್ಟಿನ ೬೫೦೨ ಬೇಸಿಕ್ ಮುಕ್ತವಾದುದು ೨೦೨೫ರಲ್ಲಿ. ಇವು ಒಳ್ಳೆಯ ಕಾರ್ಯಗಳೇ. ಆದರೆ ಹೆಣದ ಮುಂದೆ ಉಯಿಲು ಓದಿದಂತೆ ನನಗೆ ಕಾಣುತ್ತದೆ. ಯಂತ್ರಗಳು ಮನೆಗಳಲ್ಲಿ ಇನ್ನೂ ಉಸಿರಾಡುತ್ತಿದ್ದಾಗ ಇದೇ ಕಾಗದಗಳು ಹೊರಬಂದಿದ್ದರೆ ಎಷ್ಟು ಹುಡುಗರು ಅವನ್ನು ತಿದ್ದುತ್ತಿದ್ದರೋ.

ತಿದ್ದಲಾರದೆ ಕೈ ಹಿಸುಕಿಕೊಂಡ ಒಬ್ಬ ಹುಡುಗನ ಕಥೆ ದಾಖಲೆಯಲ್ಲಿದೆ. ಫಿನ್ಲೆಂಡಿನ ಲೈನಸ್ ಟೊರ್ವಾಲ್ಡ್ಸ್, ಅಜ್ಜನ ಕಮೊಡೋರ್ ವಿಕ್–೨೦ರಲ್ಲಿ ಮೊದಲ ಪಾಠ ಕಲಿತು, ಅನಂತರ ಸಿಂಕ್ಲೇರ್ ಕ್ಯೂ.ಎಲ್. ಎಂಬ ಯಂತ್ರವನ್ನು ಕೊಂಡನು. ೧೯೮೪ರಲ್ಲಿ ಬಂದ ಆ ಯಂತ್ರದ ವ್ಯವಸ್ಥೆ ಹೇಳಿದ ಸಮಯಕ್ಕೆ ಮುಗಿಯದೆ, ಮೊದಲ ಯಂತ್ರಗಳಲ್ಲಿ ಅದರ ಒಂದು ಭಾಗವನ್ನು ಬೆನ್ನಿಗೆ ಬಾಲದಂತೆ ಸಿಕ್ಕಿಸಿ ಮಾರಿದ್ದರು. ಒಂದೇ ವೇಳೆಯಲ್ಲಿ ಹಲವು ಕೆಲಸಗಳನ್ನು ನಡೆಸಬಲ್ಲ ಉತ್ತಮ ವ್ಯವಸ್ಥೆಯಾದರೂ ಅದು ಸ್ಥಿರಸ್ಮೃತಿಯಲ್ಲಿದ್ದುದರಿಂದ ಅವನಿಗೆ ಬೇಕಾದಂತೆ ತಿದ್ದಲು ಸುಲಭವಿರಲಿಲ್ಲ. ೧೯೯೧ರಲ್ಲಿ, ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ, ಪಿ.ಸಿ. ಯಂತ್ರವೊಂದನ್ನು ಕೊಂಡು ತನ್ನದೇ ಒಂದು ವ್ಯವಸ್ಥೆಯ ತಿರುಳನ್ನು ಬರೆದು, ಮೂಲವನ್ನು ಎಲ್ಲರಿಗೂ ಹಂಚಿದನು. ಲಿನಕ್ಸ್ ಎಂಬುದು ಅದೇ.

ಉಗ್ರಾಣಕ್ಕೆ ಹೋದ ಹನ್ನೊಂದು ಯಂತ್ರಗಳಲ್ಲಿ ಒಂದನ್ನು ನಮ್ಮ ಉಪನ್ಯಾಸಕರ ಅಪ್ಪಣೆ ಪಡೆದು ನಾವು ಮೂವರು ಹಿಂದಕ್ಕೆ ತಂದೆವು. ಎರಡು ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕುಳಿತು, ಒಮ್ಮೆ ಸೋತು, ಮತ್ತೊಮ್ಮೆ ಲಿನಕ್ಸನ್ನು ಅದರಲ್ಲಿ ಹಾಕಿದೆವು. ಕನ್ನಡದ ಕೀಲಿಮಣೆಯನ್ನು ಹೊಂದಿಸಲು ಇನ್ನೂ ಅರ್ಧ ದಿನ ಹಿಡಿಯಿತು. 'ಲಕ್ಷ್ಮೀ' ಎಂದು ಬರೆದು ನೋಡಿದೆವು. ಒತ್ತು, ದೀರ್ಘ ಎಲ್ಲ ಸರಿಯಾಗಿ ಬಂದುವು. ಈಗ ಅದು ಕಿಟಕಿಯ ಪಕ್ಕದ ನಾಲ್ಕನೆಯ ಮೇಜಿನ ಮೇಲಿದೆ. ಈ ಲೇಖನವನ್ನು ಬೆರಳಚ್ಚು ಮಾಡಿದ್ದು ಅದರಲ್ಲಿಯೇ. ಉಳಿದ ಹತ್ತು ಇನ್ನೂ ಉಗ್ರಾಣದಲ್ಲಿವೆ. ಮಾರ್ಚಿಯಲ್ಲಿ ಪಟ್ಟಿ ಮೇಲಕ್ಕೆ ಹೋಗುವುದಂತೆ. ಬಿಡುವಿದ್ದವರು ಊಟದ ಹೊತ್ತಿಗೆ ಬಂದರೆ ಅಷ್ಟರೊಳಗೆ ಎರಡನ್ನಾದರೂ ಹೊರತರಬಹುದು.